ಒಂದಡಿಗೆ ಐದಿಂಚಿನ ಪ್ರಭುಲಿಂಗಪ್ಪ

ಟಿವಿ ಮಾರುವ ಮನುಷ್ಯ ಗಿರಾಕಿಯ ಮನೆಗೆ ಬಂದರೆ ಮೊದಲು ಟಿವಿ ಕೂರುವ ಗೋಡೆಯನ್ನು ನೋಡಬೇಕು. ಪ್ರಭುಲಿಂಗಪ್ಪನವರು ಆ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ನಿಂತು, ಪಡಸಾಲೆಯ ಮೇಲೆಲ್ಲ ಒಮ್ಮೆ ಕಣ್ಣಾಡಿಸಿ, ಎಷ್ಟರೊಳಗಿನದು ಬೇಕು, ಯಾವ ಕಂಪನಿಯದು ಬೇಕು ಎಂಬ ಲೋಕರೂಢಿಯ ಪ್ರಶ್ನೆಗಳನ್ನು ಬದಿಗಿಟ್ಟು, "ಎಲ್ಲಿ ಕುಂದ್ರತೀರಿ?" ಎಂದು ಕೇಳುತ್ತಿದ್ದರು. ಯಜಮಾನ ತಬ್ಬಿಬ್ಬಾಗಿ ಮಂಚವನ್ನೋ ಸೋಫಾವನ್ನೋ ತೋರಿಸಿದ ಕೂಡಲೇ, ಬರಿಗಾಲಿನ ಹಿಮ್ಮಡಿಯನ್ನು ಗೋಡೆಯ ಬುಡಕ್ಕೆ ಒತ್ತಿ, ಒಂದು ಪಾದದ ತುದಿಗೆ ಇನ್ನೊಂದು ಪಾದದ ಹಿಮ್ಮಡಿಯನ್ನು ಜೋಡಿಸುತ್ತಾ, ತುಟಿಯೊಳಗೇ ಎಣಿಸುತ್ತಾ, ವ್ರತ ಹಿಡಿದವರ ಗಾಂಭೀರ್ಯದಲ್ಲಿ ಆ ಮಂಚದವರೆಗೆ ನಡೆಯುವರು. ಅವರ ಪಾದ ಹನ್ನೊಂದಿಂಚು ಉದ್ದ. ಕಡಿಮೆ ಬಿದ್ದ ಒಂದಿಂಚನ್ನು ಪ್ರತಿ ಹೆಜ್ಜೆಗೂ ಹೆಬ್ಬೆರಳಿನಷ್ಟು ಜಾಗ ಬಿಟ್ಟು ಸರಿದೂಗಿಸುತ್ತಿದ್ದರು. ಆಮೇಲೆ ಕೋಟಿನ ಜೇಬಿನಿಂದ ಉಕ್ಕಿನ ಟೇಪು ತೆಗೆದು ಅಳೆದರೆ ಅದೇ ಅಳತೆ ಬರುತ್ತಿತ್ತು. ಬರದಿದ್ದ ದಿನ ಅವರು ಟೇಪನ್ನೇ ಬದಲಾಯಿಸಿದರೆಂದು ರಾಣೆಬೆನ್ನೂರಿನಲ್ಲಿ ಹೇಳುವುದುಂಟು.

"ಆರಡಿ ಆತ್ರಿ. ಒಂದಡಿಗೆ ಐದಿಂಚು, ಆರೈದ್ಲೆ ಮೂವತ್ತು. ಮೂವತ್ತೆರಡರ ಡಬ್ಬಿ ತಗೋರಿ, ಅದಕ್ಕಿಂತ ದೊಡ್ಡದು ಬ್ಯಾಡ. ಅಳತಿ ಅಂದ್ರ ಅಳತಿ."

ಟಿವಿ ಹಪ್ಪಳದಷ್ಟು ತೆಳ್ಳಗಾಗಿ ಗೋಡೆಗೆ ಅಂಟಿಕೊಂಡು ಎಷ್ಟೋ ವರ್ಷಗಳಾದವು. ಅವರ ಬಾಯಲ್ಲಿ ಅದು ಇನ್ನೂ ಡಬ್ಬಿಯೇ. ಹಾಗೆಯೇ ಆ ಬೂದಿ ಬಣ್ಣದ ಉಣ್ಣೆಯ ಕೋಟು. ಮದುವೆಗೆಂದು ಹೊಲಿಸಿದ್ದಂತೆ; ಏಪ್ರಿಲ್ ತಿಂಗಳ ರಾಣೆಬೆನ್ನೂರಿನಲ್ಲಿ ನಾಯಿಗಳು ಕೂಡ ನೆರಳು ಬಿಟ್ಟು ಏಳದ ಹೊತ್ತಿನಲ್ಲೂ ಅದು ಮೈಮೇಲಿಂದ ಇಳಿಯದು. ಸೆಕೆಯಾಗುವುದಿಲ್ಲವೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಆಕ್ಕೈತ್ರಿ, ಆದ್ರ ಜೇಬು ಎಲ್ಲಿ ಇಡ್ಲಿ?" ಎಂದರು. ಟೇಪು, ಟೆಸ್ಟರು, ಒಂದು ಭೂತಗನ್ನಡಿ, ಎಲೆಯಡಿಕೆಯ ಸಣ್ಣ ಚೀಲ, ಇವಿಷ್ಟಕ್ಕೂ ಒಂದೊಂದು ಜೇಬು ಬೇಕಾಗಿತ್ತು. ಕೋಟು ಅವರ ಪಾಲಿಗೆ ಬಟ್ಟೆಯಲ್ಲ, ಕಪಾಟು.

ಹತ್ತೊಂಬತ್ತನೆಯ ವಯಸ್ಸಿಗೆ ಹಾವೇರಿಯ ಒಂದು ರೇಡಿಯೋ ರಿಪೇರಿ ಅಂಗಡಿ ಸೇರಿದವರು ಅವರು. ಟಿವಿಗಳು ಬಂದಾಗ ಅವನ್ನೂ ಬಿಚ್ಚಿ ಕಟ್ಟಲು ಕಲಿತರು. ಅಲ್ಲಿಯೇ, ಗಾಜಿನ ಪರದೆಗೆ ಭೂತಗನ್ನಡಿ ಹಿಡಿದು ನೋಡಿದಾಗ, ಜಗತ್ತು ಮೋಹಗೊಂಡು ನೋಡುವ ಆ ಸುಂದರ ಮುಖಗಳೆಲ್ಲ ಕೆಂಪು, ಹಸಿರು, ನೀಲಿಯ ಬರೀ ಚುಕ್ಕೆಗಳೆಂಬ ಸತ್ಯ ಅವರಿಗೆ ದರ್ಶನವಾಯಿತು. ಬೇರೆಯವರಾಗಿದ್ದರೆ ಇದರಿಂದ ವೈರಾಗ್ಯಕ್ಕೆ ಹೋಗಬಹುದಿತ್ತು. ಪ್ರಭುಲಿಂಗಪ್ಪನವರು ಸೂತ್ರಕ್ಕೆ ಹೋದರು. ಪರದೆ ದೊಡ್ಡದಾದಷ್ಟೂ ಚುಕ್ಕೆ ದೊಡ್ಡದು. ಹತ್ತಿರ ಕುಳಿತವನಿಗೆ ಚಿತ್ರ ಕಾಣದೆ ಚುಕ್ಕೆ ಕಂಡರೆ ತಲೆ ಸಿಡಿಯುತ್ತದೆ, ಕಣ್ಣು ಉರಿಯುತ್ತದೆ. ದೂರದವನಿಗೆ ಚಿತ್ರ ಸಣ್ಣದಾದರೆ ಅವನು ಕತ್ತು ಚಾಚಿಯಾದರೂ ನೋಡಿಯಾನು. ಹತ್ತಿರದವನೇನು ಗೋಡೆ ಒಡೆದು ಹಿಂದೆ ಸರಿಯಬೇಕೇ? ಹೀಗೆ ಹತ್ತಿರದವನ ಪಕ್ಷ ವಹಿಸಿ ಅವರು ಕಟ್ಟಿದ ಸೂತ್ರವೇ ಒಂದಡಿಗೆ ಐದಿಂಚು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರುಗಳಲ್ಲಿ ಅದು ಪಂಚಾಂಗದ ಮಾತಿನಷ್ಟು ನಡೆಯುತ್ತಿತ್ತು.

ಈ ಸೂತ್ರದ ಸಲುವಾಗಿ ಅವರು ಎದುರು ಹಾಕಿಕೊಂಡ ಜನ ಕಡಿಮೆಯಲ್ಲ. ಮೋಟೆಬೆನ್ನೂರಿನ ಒಂದು ಮದುವೆಗೆ ಬೀಗರು ಐವತ್ತಿಂಚಿನ ಟಿವಿ ಉಡುಗೊರೆ ಕೊಡಲು ಹೊರಟಾಗ, ಇವರು ವರನ ಮನೆಗೆ ಹೋಗಿ ಅಳೆದು ಬಂದು, ನಿಮ್ಮ ಅಳಿಯನ ಕೋಣೆಗೆ ಇಪ್ಪತ್ನಾಲ್ಕರ ಮೇಲೆ ಸಲ್ಲದು ಎಂದು ತೀರ್ಪು ಕೊಟ್ಟರು. ಆ ಅಳಿಯ ಇವತ್ತಿಗೂ ಇವರನ್ನು ಕಂಡರೆ ರಸ್ತೆ ದಾಟುತ್ತಾನೆ. ಕುಮಾರಪಟ್ಟಣದ ಅಧಿಕಾರಿಯೊಬ್ಬರು ಇವರ ಮಾತು ಮೀರಿ ದೂರದ ಪೇಟೆಯಿಂದ ಅರವತ್ತೈದಿಂಚಿನದನ್ನು ತರಿಸಿ, ಗೋಡೆಗೆ ಕೂರಿಸಲು ಇವರನ್ನೇ ಕರೆದರು. ಹೋದರು, ಕೂರಿಸಿದರು, ತಿರುಪು ಬಿಗಿದರು. ಆದರೆ ಹಚ್ಚಿ ತೋರಿಸಿರೆಂದರೆ ಮುಖ ಆಚೆ ಮಾಡಿ ರಿಮೋಟನ್ನು ಹೆಗಲ ಮೇಲಿಂದ ಒತ್ತಿದರು. ಅಶುದ್ಧವಾದದ್ದನ್ನು ನೋಡಬಾರದೆಂಬ ಮಡಿ ಅವರದು.

ರಾಣೆಬೆನ್ನೂರಿನ ಬಸ್ ನಿಲ್ದಾಣದ ಎದುರಿಗಿನ ಟಿವಿ ಅಂಗಡಿಯ ಮಾಲೀಕ ಮಾಲತೇಶ, ಇವರಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ರಿಪೇರಿಯ ಕಾಲ ಮುಗಿದ ಮೇಲೆ ಪ್ರಭುಲಿಂಗಪ್ಪನವರನ್ನು ಅಂಗಡಿಗೆ ಕರೆದು ಕುರ್ಚಿ ಕೊಟ್ಟವನು ಅವನೇ. ಮನುಷ್ಯ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಗೆ ಗಿರಾಕಿಗಳು ಬರುತ್ತಿದ್ದರು. ಬಂದವರು ಇವರ ಮಾತು ಕೇಳಿ ಸಣ್ಣದನ್ನೇ ಒಯ್ಯುತ್ತಿದ್ದರು. ಮಾಲತೇಶನಿಗೆ ನಗಬೇಕೋ ಅಳಬೇಕೋ ತಿಳಿಯದು.

"ಕಾಕಾ, ಕಾಲ ಬದ್ಲಾಗೇತಿ. ಈಗ ಫೋರ್‌ಕೆ ಬಂದಾವು. ಅಷ್ಟ ಜಾಗದಾಗ ನಾಕ ಪಟ್ಟು ಚುಕ್ಕಿ. ಮಗ್ಗಲಕ ಕುಂತ್ರೂ ಕಾಣೂದಿಲ್ಲ. ಇನ್ನ ಯಾಕ ಮಂದಿಗೆ ಮೂವತ್ತೆರಡ ಕೊಡಸ್ತೀರಿ?"

"ಕಂಪನಿಯಾವ್ರು ಹೇಳ್ತಾರ, ನೀ ಕೇಳ್ತಿ," ಎನ್ನುವರು ಪ್ರಭುಲಿಂಗಪ್ಪನವರು. "ಚುಕ್ಕಿ ಹೆಚ್ಚಾದ್ರ ಮಂದಿ ಕಣ್ಣು ಹೆಚ್ಚಾದಾವೇನು?"

ಸಾಲಿ ಕಲಿತವರು ಇದಕ್ಕೆ ಉತ್ತರ ಹೇಳಬಹುದು. ಮಾಲತೇಶ ಗಿರಾಕಿಗಳ ಕಡೆ ತಿರುಗಿದ. ಪ್ರಭುಲಿಂಗಪ್ಪನವರು ಆ ಹೊಸ ಪರದೆಗೆ ತಮ್ಮ ಭೂತಗನ್ನಡಿ ಹಿಡಿದು ನೋಡಲಿಲ್ಲ. ಇಷ್ಟು ವರ್ಷ ಎಲ್ಲವನ್ನೂ ಕಣ್ಣಾರೆ ನೋಡಿಯೇ ನಂಬಿದ ಮನುಷ್ಯ ಇದೊಂದನ್ನು ಮಾತ್ರ ನೋಡದೆಯೇ ತಿರಸ್ಕರಿಸಿದರು. ಅಂಜಿಕೆಯಿತ್ತೆಂದು ನನ್ನ ಊಹೆ. ಆ ಸೂತ್ರವೊಂದು ಹೋದರೆ ಮೂರು ಊರಿನಲ್ಲಿ ತಾವು ಯಾರು ಎಂಬ ಪ್ರಶ್ನೆ ಏಳುತ್ತಿತ್ತು.

ಬ್ಯಾಡಗಿಯಲ್ಲಿ ಫಕ್ಕೀರಪ್ಪ ಎಂಬ, ಮೆಣಸಿನಕಾಯಿ ಪೇಟೆಯಲ್ಲಿ ಚೀಲ ತೂಗುವ ಮನುಷ್ಯನಿದ್ದಾನೆ. ಅವನ ಮನೆ ಹಳೆಯ ಕಾಲದ್ದು, ಅಗಲ ಕಡಿಮೆ, ಉದ್ದ ಹೆಚ್ಚು. ಬೀದಿಯ ಬದಿಗೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅದರ ಹಿಂದೆ ಹಿತ್ತಲ ಬಾಗಿಲು, ಎಲ್ಲವೂ ಒಂದೇ ನೇರದಲ್ಲಿ. ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿಗಳ ಪಕ್ಕ ಕೂತಿದ್ದ ಹಳೆಯ ಟಿವಿ ಕೆಟ್ಟು ಹೋದಾಗ, ಹೊಸದನ್ನು ನಾಲ್ಕು ಜನಕ್ಕೆ ಕಾಣುವಂತೆ ಪಡಸಾಲೆಯಲ್ಲೇ ಹಾಕಿಸುವುದೆಂದು ಫಕ್ಕೀರಪ್ಪ ನಿಶ್ಚಯಿಸಿದ. ಪ್ರಭುಲಿಂಗಪ್ಪನವರು ಹೋದರು, ಬೀದಿ ಬದಿಯ ಗೋಡೆಗೆ ಬೆನ್ನು ಕೊಟ್ಟು ನಿಂತರು, ಕೇಳಿದರು. ಫಕ್ಕೀರಪ್ಪ ತನ್ನ ಮಂಚ ತೋರಿಸಿದ. ಆರಡಿ. ಮೂವತ್ತೆರಡು.

ಆಗ ಅಡುಗೆಮನೆಯ ಬಾಗಿಲ ಹಿಂದಿನಿಂದ ಒಂದು ದನಿ ಬಂತು. "ಯಣ್ಣಾ, ಒಂದೀಟು ದೊಡ್ಡದ ಕೊಡ್ರಿ."

ದನಿ ಫಕ್ಕೀರಪ್ಪನ ಹೆಂಡತಿ ದೇವವ್ವನದು. ಪರ ಗಂಡಸು ಅಳತೆಗೆ ಬಂದಾಗ ಹೆಂಗಸರು ಪಡಸಾಲೆಗೆ ಬಂದು ನಿಲ್ಲುವ ವಾಡಿಕೆ ನಮ್ಮ ಕಡೆಯ ಅಂಥ ಮನೆಗಳಲ್ಲಿ ಇನ್ನೂ ಬಂದಿಲ್ಲ. "ಬಾಜೂ ಮನ್ಯಾಗ ದೊಡ್ಡದ ತಂದಾರ, ಅದಕ್ಕ ಈ ಶೋಕಿ," ಎಂದ ಫಕ್ಕೀರಪ್ಪ. ಪ್ರಭುಲಿಂಗಪ್ಪನವರು ನಕ್ಕು, ಬಾಗಿಲ ಕಡೆಗೆ ತಿರುಗಿ, "ಇಲ್ಲ ತಂಗಿ, ಅಳತಿ ಅಂದ್ರ ಅಳತಿ," ಎಂದರು. ಮೂವತ್ತೆರಡಿಂಚಿನದು ಗೋಡೆಗೇರಿತು.

ಎರಡು ತಿಂಗಳ ಮೇಲೆ, ಗೋಡೆಯ ಒಂದು ತಿರುಪು ಸಡಿಲವಾಗಿದೆಯೆಂದು ಹೇಳಿ ಕಳಿಸಿದ್ದಕ್ಕೆ ಅವರು ಪುನಃ ಆ ಮನೆಗೆ ಹೋದರು. ಪೇಟೆಯ ದಿನ, ಫಕ್ಕೀರಪ್ಪ ಇರಲಿಲ್ಲ. ಬಾಗಿಲು ತೆರೆದೇ ಇತ್ತು, ಟಿವಿಯಲ್ಲಿ ವಾರ್ತೆ ಓಡುತ್ತಿತ್ತು, ಪಡಸಾಲೆ ಖಾಲಿ. ಮನೆಯ ಆ ತುದಿಗೆ, ಹಿತ್ತಲ ಬಾಗಿಲಲ್ಲಿ, ದೇವವ್ವ ಮೆಣಸಿನಕಾಯಿಯ ರಾಶಿ ಹಾಕಿಕೊಂಡು ತೊಟ್ಟು ಬಿಡಿಸುತ್ತಿದ್ದಳು. ಬ್ಯಾಡಗಿಯಲ್ಲಿ ಈ ಕೆಲಸ ಮಾಡದ ಓಣಿಯಿಲ್ಲ. ಮಾಡುವವರು ಗಾಳಿಯಾಡುವ ಬಾಗಿಲಲ್ಲೇ ಕೂರಬೇಕು, ಒಳಗೆ ಕೂತರೆ ಘಾಟಿಗೆ ಮನೆಯವರೆಲ್ಲ ಕೆಮ್ಮಿ ಸಾಯುತ್ತಾರೆ. ಪ್ರಭುಲಿಂಗಪ್ಪನವರು ಕೆಮ್ಮಿ ಸದ್ದು ಮಾಡುವ ಮೊದಲೇ ಆಕೆ ಎದ್ದಳು. ಖಾರದ ಕೈಗಳನ್ನು ಮೈಗೆ ತಾಗದಂತೆ ಎತ್ತಿ ಹಿಡಿದುಕೊಂಡು, ಅಡುಗೆಮನೆ ದಾಟಿ, ಪಡಸಾಲೆಯ ನಡುವಿಗೆ ಬಂದು, ಟಿವಿಯ ಕೆಳಗಡೆ ಓಡುವ ಅಕ್ಷರದ ಪಟ್ಟಿಯನ್ನು ತುಟಿಯಾಡಿಸುತ್ತಾ ನೋಡಿ, ತಿರುಗಿ ಹೋಗಲಿದ್ದವಳು ಹೊಸ್ತಿಲಲ್ಲಿ ನಿಂತ ಇವರನ್ನು ಕಂಡು ಸೆರಗು ಎಳೆದುಕೊಳ್ಳಲು ಹೋದಳು. ಕೈ ನೆನಪಾಗಿ ಸುಮ್ಮನಾದಳು.

"ಏನ್ ನೋಡಾಕ ಬಂದಿದ್ದಿ ತಂಗಿ?"

ದೇವವ್ವ ತಪ್ಪು ಒಪ್ಪಿಕೊಳ್ಳುವವಳಂತೆ ಹೇಳಿದಳು. ಆಕೆ ಎರಡನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಅಡುಗೆಮನೆಯಲ್ಲಿ ಹಳೆಯ ಟಿವಿ ಇದ್ದಾಗ, ತೊಟ್ಟು ಬಿಡಿಸುತ್ತಾ ಬಿಡಿಸುತ್ತಾ, ವಾರ್ತೆಯ ಕೆಳಗೆ ಓಡುವ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಲು ಶುರು ಮಾಡಿದ್ದಳು. ವಾರ್ತೆ ಓದುವ ಹೆಣ್ಣುಮಗಳು ದನಿಯಲ್ಲಿ ಹೇಳಿದ್ದೇ ಕೆಳಗೆ ಬರಹದಲ್ಲೂ ಬರುತ್ತದೆ. ಕಿವಿಗೆ ಬಿದ್ದದ್ದನ್ನು ಕಣ್ಣಿನಲ್ಲಿ ಹುಡುಕಿದರಾಯಿತು. ಮೂರು ವರ್ಷಕ್ಕೆ ಊರುಗಳ ಹೆಸರೆಲ್ಲ ಬಂದವು, ಆಮೇಲೆ ಇಡೀ ಸಾಲು ಬರಲಾರಂಭಿಸಿತು. ಯಾರಿಗೂ ಹೇಳಿರಲಿಲ್ಲ.

"ಈಗ ಅಲ್ಲಿಂದ ದೊಡ್ಡ ಅಕ್ಷರ ಅಷ್ಟ ಕಾಣ್ತಾವ್ರೀ ಯಣ್ಣಾ, ಕೆಳಗಿನ ಒತ್ತು ಕಲಸಿ ಹೊಕ್ಕಾವು. ಎದ್ದು ಬರೂದ್ರಾಗ ಸಾಲು ಓಡಿ ಹೋಗಿರ್ತೈತಿ. ಇರ್ಲಿ ಬಿಡ್ರಿ, ಓದಿ ನಾ ಏನ್ ಮಾಸ್ತರ್ಕಿ ಮಾಡಬೇಕಾಗೇತಿ?"

"ಚಾಳೀಸು ಹಾಕ್ಕೊಂಡ್ರ?" ಎಂದು ಕನ್ನಡಕದ ಮಾತೆತ್ತಿದರು ಪ್ರಭುಲಿಂಗಪ್ಪನವರು. ಸೂತ್ರಕ್ಕೆ ತಾಗದಂತೆ ಪಾರಾಗಲು ಅವರಿಗೆ ಉಳಿದಿದ್ದ ದಾರಿ ಅದೊಂದೇ.

"ಈ ಕೈಯಾಗ ಚಾಳೀಸು ಏರಸೂದು ಇಳಸೂದು ಮಾಡಿದ್ರ ಕಣ್ಣ ಉಳಿತಾವೇನ್ರಿ?" ಎಂದು ದೇವವ್ವ ಕೆಂಪಾದ ಬೆರಳುಗಳನ್ನು ತೋರಿಸಿ ನಕ್ಕಳು.

ಅವರು ತಿರುಪು ಬಿಗಿದರು. ಆಮೇಲೆ ಗೋಡೆಗೆ ಹಿಮ್ಮಡಿ ಒತ್ತಿ ಹೊರಟರು. ಫಕ್ಕೀರಪ್ಪನ ಮಂಚ ಬಂತು, ಆರಡಿ, ನಿಲ್ಲಲಿಲ್ಲ. ಪಡಸಾಲೆ ಮುಗಿಯಿತು, "ಒಳಗ ಬರ್ಲೇನು ತಂಗಿ?" ಎಂದು ಕೇಳಿ ಅಡುಗೆಮನೆಯ ಹೊಸ್ತಿಲು ದಾಟಿದರು. ಮೂವತ್ತು ವರ್ಷದಲ್ಲಿ ಅವರ ಅಳತೆ ಯಾರ ಮನೆಯಲ್ಲೂ ಆ ಹೊಸ್ತಿಲು ದಾಟಿರಲಿಲ್ಲ. ಮೆಣಸಿನಕಾಯಿಯ ರಾಶಿ ಮುಟ್ಟಿದಾಗ ಹತ್ತೊಂಬತ್ತು ಅಡಿಯಾಗಿತ್ತು. ಒಂದಡಿಗೆ ಐದಿಂಚು ಹಿಡಿದರೆ ತೊಂಬತ್ತೈದಿಂಚಿನ ಟಿವಿ ಬೇಕು; ಅಷ್ಟು ದೊಡ್ಡದು ಆ ಬೀದಿ ಗೋಡೆಗೂ ಹಿಡಿಸದು. ಅವರು ಅಲ್ಲಿಯೇ, ಘಾಟಿಗೆ ಕಣ್ಣಲ್ಲಿ ನೀರು ಸುರಿಸುತ್ತಾ, ಕುಕ್ಕರಗಾಲಲ್ಲಿ ಕೂತು, ತಾವೇ ಹಾಕಿಸಿದ ಟಿವಿಯನ್ನು ನೋಡಿದರು. ಅವರಿಗೂ ಒಂದು ಸಾಲೂ ಓದಲಾಗಲಿಲ್ಲ.

ಹೆಂಗಸೊಬ್ಬಳು ಯಾರ ಹಂಗೂ ಇಲ್ಲದೆ ಸಂಪಾದಿಸಿದ್ದನ್ನು ತಾನು ಸರಿಯಾದ ಅಳತೆ ಹಿಡಿದೇ ಕಸಿದುಕೊಂಡೆನಲ್ಲ ಎಂಬುದು ಅವರನ್ನು ಚುಚ್ಚಿತು. ಬಸ್ಸಿಳಿದವರೇ ನೆಟ್ಟಗೆ ಅಂಗಡಿಗೆ ಬಂದು, ಮಾಲತೇಶನಿಗೆ ಹೇಳಿ, ಐವತ್ತೈದಿಂಚಿನ ಎರಡು ಟಿವಿಗಳನ್ನು ಅಕ್ಕಪಕ್ಕ ಇಡಿಸಿದರು. ಒಂದು ಹಳೆಯ ತರಹದ್ದು, ಒಂದು ಫೋರ್‌ಕೆ. ಆರಡಿ ದೂರಕ್ಕೆ ಸ್ಟೂಲು ಹಾಕಿ ಕೂತರು. ಹಳೆಯದರಲ್ಲಿ ಕಣ್ಣು ಕಿರಿದು ಮಾಡಿದರೆ ಚುಕ್ಕೆಯ ಸುಳಿವು ಸಿಗುತ್ತಿತ್ತು. ಹೊಸದರಲ್ಲಿ ಸಿಗಲಿಲ್ಲ. ಸ್ಟೂಲನ್ನು ಐದಡಿಗೆ ಎಳೆದರು, ನಾಲ್ಕಕ್ಕೆ ಎಳೆದರು. ಮೂರಡಿಗೆ ಬಂದಾಗ ಬಹುಶಃ ಕಂಡಿತು, ಬಹುಶಃ ಇಲ್ಲ. ಭೂತಗನ್ನಡಿ ಹಿಡಿದ ಮೇಲೆಯೇ ಚುಕ್ಕೆಗಳು ಒಪ್ಪಿಕೊಂಡು ಹೊರಬಂದವು, ಸಾಸಿವೆಗಿಂತ ಎಷ್ಟೋ ಸಣ್ಣವು. ಗಿರಾಕಿಗಳು ಸುತ್ತ ನಿಂತು ನೋಡುತ್ತಿದ್ದರು. ಕೋಟಿನ ಬೆನ್ನು ಬೆವರಿಗೆ ತೊಯ್ದಿತ್ತು.

"ನೀ ಹೇಳಿದ್ದು ಖರೇ ಐತಿ," ಎಂದರು ಮಾಲತೇಶನಿಗೆ. ಅಷ್ಟಕ್ಕೇ ಬಿಡುವ ಮನುಷ್ಯರೇ? ಕಂಪನಿಯ ನವಿಲು, ಜಲಪಾತಗಳ ಚಿತ್ರ ತೆಗೆಸಿ, ಮನೆಗಳಿಗೆ ಬರುವ ಕೇಬಲ್ಲಿನ ವಾರ್ತೆ ಹಾಕಿಸಿದರು. ಮುಖಗಳು ತುಸು ಮಸುಕಾದವು. ಟಿವಿಯಲ್ಲಿ ಎಷ್ಟೇ ಚುಕ್ಕೆಯಿದ್ದರೂ ಹೊರಗಿನಿಂದ ಬರುವ ಚಿತ್ರವೇ ಒರಟಾಗಿದ್ದರೆ ಅದೇನು ಮಾಡೀತು? ಆದರೆ ಅಂಗಡಿಯ ಕೊನೆಯವರೆಗೆ, ಹತ್ತೊಂಬತ್ತು ಅಡಿ ನಡೆದು ಹೋಗಿ ತಿರುಗಿ ನೋಡಿದಾಗ, ಕೆಳಗಿನ ಪಟ್ಟಿಯಲ್ಲಿ ಒತ್ತಕ್ಷರ ಸಮೇತ ಸಾಲು ಸಾಲೂ ಸ್ಪಷ್ಟವಾಗಿತ್ತು.

ಮರುದಿನ ಫಕ್ಕೀರಪ್ಪನ ಪಡಸಾಲೆಯಲ್ಲಿ ಅವರು ಕೂರಲಿಲ್ಲ, ನಿಂತೇ ಮಾತಾಡಿದರು. "ನನ್ನ ಅಳತಿ ತಪ್ಪೈತಿ. ಐವತ್ತೈದರದು ಹಾಕೂಣು. ಇದನ್ನ ಮಾಲತೇಶ ತಿರುಗಿ ತಗೋತಾನ, ನಾ ಮಾತಾಡೇನಿ."

"ಹಂಗಾರ ಅವತ್ತು ಹೇಳಿದ್ದು ಸುಳ್ಳೇನ್ರಿ?" ಎಂದ ಫಕ್ಕೀರಪ್ಪ. ಅವನೂ ತೂಗುವ ಮನುಷ್ಯ. ತಕ್ಕಡಿ ಹಿಡಿದವನು ಮಾತು ಬದಲಾಯಿಸಿದರೆ ಪೇಟೆ ಏನೆನ್ನುತ್ತದೆಂದು ಬಲ್ಲ.

"ನಿಮ್ಮ ಮಂಚಕ್ಕ ಖರೇ ಇತ್ತು. ದೊಡ್ಡದ ಹಾಕಿದ್ರ ನಿಮಗ ಮಾರಿ ಸ್ವಲ್ಪ ಮಸಕ ಕಾಣ್ತಾವು, ಅದನ್ನೂ ಹೇಳಿಬಿಡ್ತೀನಿ. ಆದ್ರ ತಂಗಿಗೆ ಓದಾಕ ಬರ್ತೈತಿ."

"ಆಕಿಗೆ ಓದಾಕ ಎಲ್ಲಿ ಬರ್ತೈತ್ರಿ?" ಎಂದು ಫಕ್ಕೀರಪ್ಪ ನಕ್ಕ. ಒಳಗಿನಿಂದ ಯಾರೂ ನಗಲಿಲ್ಲ.

ಅವನು ಗೊಣಗಿದ, ಎರಡು ದಿನ ಬೇಕೆಂದ, ಕೊನೆಗೆ ನೆರೆಮನೆಯದಕ್ಕಿಂತ ಇದು ದೊಡ್ಡದೆಂದು ತಿಳಿದ ಮೇಲೆ ಒಪ್ಪಿದ. ಮನುಷ್ಯರು ಒಳ್ಳೆಯ ಕೆಲಸವನ್ನು ಯಾವ ಕಾರಣಕ್ಕೆ ಮಾಡುತ್ತಾರೆಂದು ಕೆದಕಿ ಫಲವಿಲ್ಲ. ಹೊಸದು ಗೋಡೆಗೆ ಕೂತ ಮಧ್ಯಾಹ್ನ ಅವನು ಮಂಚದ ಮೇಲೆ ಕೂತು, ಬಲು ದೊಡ್ಡದಾಯಿತೆಂದು ಮುಖ ಗಂಟು ಹಾಕಿಕೊಂಡಿದ್ದ. ಹಿತ್ತಲ ಬಾಗಿಲಿನಿಂದ ದೇವವ್ವನ ದನಿ, ಸಾಲಿಯ ಮಕ್ಕಳು ಪಾಠ ಒಪ್ಪಿಸುವಂತೆ ತಡೆತಡೆದು, ಆದರೆ ಮನೆಯೆಲ್ಲ ಕೇಳುವಂತೆ ಬಂತು: "ಹಾವೇರಿ ಜಿಲ್ಲೆಯಲ್ಲಿ ನಾಳೆ ಗುಡುಗು ಸಹಿತ ಮಳೆ." ಆಮೇಲೆ ಮಾಮೂಲಿನ ದನಿಯಲ್ಲಿ, "ನಾಳಿ ಮಳಿ ಐತಂತ. ಹೊರಗಿನ ಚೀಲ ಒಳಗ ಹಾಕ್ರಿ."

ಫಕ್ಕೀರಪ್ಪ ಟಿವಿಯನ್ನು ನೋಡಿದ, ಹಿಂದೆ ತಿರುಗಿ ಹೆಂಡತಿಯನ್ನು ನೋಡಿದ, ಎದ್ದು ಹೋಗಿ ಚೀಲ ಒಳಗೆ ಹಾಕಿದ.

ಪ್ರಭುಲಿಂಗಪ್ಪನವರು ಆ ಸಂಜೆ ಬಹಳ ಹಗುರಾಗಿ ಮನೆಗೆ ಬಂದರು. ಸೂತ್ರ ಹೋದರೂ ತಾವು ಉಳಿದಿದ್ದೇವೆಂಬ ಸಮಾಧಾನ ಅದು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ನಿರ್ಮಲಾಗೆ ಬ್ಯಾಡಗಿಯ ಕತೆಯನ್ನೆಲ್ಲ, ದೇವವ್ವನ ಖಾರದ ಕೈ, ಹತ್ತೊಂಬತ್ತು ಅಡಿ, ನಾಳೆಯ ಮಳೆ ಯಾವುದನ್ನೂ ಬಿಡದೆ, ರಸವತ್ತಾಗಿ ಹೇಳಿದರು. ಪಡಸಾಲೆಯಲ್ಲಿ, ಅವರ ಕುರ್ಚಿಯಿಂದ ಐದಡಿ ದೂರಕ್ಕೆ ಸರಿಯಾಗಿ, ಇಪ್ಪತ್ನಾಲ್ಕಿಂಚಿನ ಟಿವಿಯಲ್ಲಿ ಯಾವುದೋ ಧಾರಾವಾಹಿ ನಡೆದಿತ್ತು. ನಿರ್ಮಲಾ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು:

"ಪುಣ್ಯೇವಂತಿ. ಆಕಿ ಅಷ್ಟರ ನೋಡತಿದ್ಲು. ನಾ ನೋಡೂದ ಇಲ್ರಿ, ಕೇಳತೀನಿ. ಇವ್ರೆಲ್ಲಾರ ದನಿ ಗೊತ್ತೈತಿ ನನಗ. ಮಾರಿ ಗೊತ್ತಿಲ್ಲ."

ಪ್ರಭುಲಿಂಗಪ್ಪನವರು ಒಲೆಯ ಹತ್ತಿರ ನಿಂತು ಪಡಸಾಲೆಯ ಕಡೆ ನೋಡಿದರು. ಅಲ್ಲಿಂದ ಟಿವಿ ಕಾಣುತ್ತಿರಲಿಲ್ಲ; ಅದರ ಬೆಳಕು ಗೋಡೆಯ ಮೇಲೆ ಆಡುವುದು ಮಾತ್ರ ಕಾಣುತ್ತಿತ್ತು. ಮೂವತ್ತೊಂದು ವರ್ಷದ ಸಂಸಾರ ಅದು.

ಸುಳ್ಳು ಅಳೆಯುವವರನ್ನು ಊರು ಬೇಗ ಗುರುತಿಸುತ್ತದೆ, ನಾಲ್ಕು ಜನ ಸೇರಿ ತಿದ್ದುತ್ತಾರೆ. ಪ್ರಾಮಾಣಿಕರ ಗತಿ ಬೇರೆ. ಲಂಚ ಮುಟ್ಟದವರು, ಮಾತು ತಿರುಚದವರು, ಅಂಗುಲ ಹೆಚ್ಚು ಕಡಿಮೆ ಮಾಡದವರು ಒಮ್ಮೆ ಹೇಳಿದರೆ ಅದನ್ನು ಇನ್ನೊಮ್ಮೆ ಅಳೆದು ನೋಡುವವರಿಲ್ಲ. ಹಾಗಾಗಿ ಅವರು ಎಲ್ಲೋ ಒಂದು ಕಡೆ ತಪ್ಪಿದ್ದರೆ ಆ ತಪ್ಪು ಅವರಷ್ಟೇ ನಿಷ್ಠೆಯಿಂದ ಮೂವತ್ತು ವರ್ಷ ಬಾಳುತ್ತದೆ. ಅದರ ಮೇಲೆ ಯಾರೂ ದೂರು ಕೊಡುವುದಿಲ್ಲ. ದೂರು ಕೊಡಬೇಕಾದವರು ಅಂಥವರ ಒಳ್ಳೆಯತನವನ್ನು ಗೌರವಿಸುತ್ತಾ ಒಳಗೆ ರೊಟ್ಟಿ ಬಡಿಯುತ್ತಿರುತ್ತಾರೆ, ಮತ್ತು ಅವರನ್ನು ಈವರೆಗೆ ಯಾರೂ ಏನೂ ಕೇಳಿರುವುದಿಲ್ಲ.